ನೈಲಾನ್ ಸೀಸನ್

ಏಪ್ರಿಲ್ 21, 1964. ಚನ್ನರಾಯಪಟ್ಟಣ. ಮಧ್ಯಾಹ್ನ.

ಮತ್ತೆ ಶರ್ಟು ಬಿಚ್ಚಿ ಹಿಂಡಿದೆ. ಗಾರೆ ನೆಲದ ಮೇಲೆ ಬೆವರು ತೊಟ್ಟಿಕ್ಕಿತು. ನನ್ನ ಮೈಯದೇ ನೀರು, ನೋಡಲು ಹೇಸಿಗೆ. ಕುತ್ತಿಗೆ, ಕಂಕುಳು, ಬೆನ್ನು — ಎಲ್ಲ ಕಡೆ ಬೆವರುಸಾಲೆ. ಪೌಡರ್ ಹಾಕಿದರೆ ಬೆವರಿಗೆ ಕಲಸಿ ಹಿಟ್ಟಾಗುತ್ತದೆ. ಕೆರೆದರೆ ಉಗುರಿನೊಳಗೆ ಅದೇ ಹಿಟ್ಟು. ಥೂ.

ಹೋದ ವರ್ಷದವರೆಗೆ ಮಡಿಕೇರಿಯಲ್ಲಿದ್ದೆ. ಹುಟ್ಟಿದ್ದು ಅಲ್ಲೇ, ಕೆಲಸವೂ ಅಲ್ಲೇ. ಉಣ್ಣೆ ಸ್ವೆಟರ್, ರಗ್ಗು ಮಾರಿಕೊಂಡು ಹಾಯಾಗಿದ್ದೆ. ಈ ವರ್ಷ ಕಂಪನಿಯವರು ಹಾಸನದ ಲೈನಿಗೆ ಹಾಕಿದ್ದಾರೆ. ಮಾಲೂ ಬೇರೆ. ನೈಲಾನ್ ಸೀರೆ, ನೈಲಾನ್ ಶರ್ಟು. ಮದುವೆ ಸೀಸನ್ ಮುಗಿಯುವುದರೊಳಗೆ ಎಲ್ಲ ತಾಲ್ಲೂಕಿನ ಅಂಗಡಿಗಳಲ್ಲೂ ಕಂಪನಿ ಸೀರೆ ತೂಗಬೇಕು. ಅದಕ್ಕೆ ನಾನೂ ಅದನ್ನೇ ತೊಟ್ಟುಕೊಂಡು ತಿರುಗಬೇಕು. "ನೀವೇ ಹಾಕದಿದ್ದರೆ ಗಿರಾಕಿ ಯಾಕೆ ಹಾಕುತ್ತಾನೆ, ಮಿಸ್ಟರ್ ಪುಟ್ಟರಾಜ್?" — ಮ್ಯಾನೇಜರ್ ಮಾತು. ಅವರು ಬೆಂಗಳೂರಿನಲ್ಲಿ ಫ್ಯಾನಿನ ಕೆಳಗೆ ಕೂತು ಹೇಳುತ್ತಾರೆ.

ಈ ಬಟ್ಟೆಯೊಳಗೆ ಗಾಳಿ ಬರುವುದಿಲ್ಲ. ಬೆವರು ಹೊರಗೆ ಹೋಗುವುದಿಲ್ಲ. ಮಧ್ಯದಲ್ಲಿ ನಾನು ಬೇಯುತ್ತೇನೆ.

ಲಾಡ್ಜಿನ ಲೋಟಕ್ಕೆ ಮೀನಿನ ವಾಸನೆ. ಇಲ್ಲಿ ಮೀನು ಮಾಡುವುದೇ ಇಲ್ಲವಂತೆ. ಮತ್ತೆ ಆ ವಾಸನೆ ಎಲ್ಲಿಯದು, ಕೇಳಲಿಲ್ಲ.

ಏಪ್ರಿಲ್ 22. ಅಲ್ಲೇ.

ತಡೆಯಲಾಗಲಿಲ್ಲ. ಬೆಳಿಗ್ಗೆ ಸಂತೆಮಾಳದ ಕಡೆ ಹೋದೆ. ಬೇವಿನ ಮರದ ಕೆಳಗೆ ಒಬ್ಬ ಮುದುಕ ಗೋಣಿ ಹಾಸಿ ಬಟ್ಟೆ ಹರವಿಕೊಂಡಿದ್ದ. ಪಂಚೆ, ತೆಳು ಹತ್ತಿಯ ಮಲ್ಲು ಬಟ್ಟೆಯ ಜುಬ್ಬ, ಮುಂಡಬನೀನು. ಹೆಸರು ದೊಡ್ಡಯ್ಯ ಅಂತೆ. ವೀಳ್ಯದ ರಸ ಗಲ್ಲದ ಮೇಲೆ ಇಳಿದಿತ್ತು. ಅದೇ ಕೈಯಿಂದ ಒರೆಸಿಕೊಂಡು ಅದೇ ಕೈಯಿಂದ ಜುಬ್ಬ ಎತ್ತಿ ತೋರಿಸಿದ.

"ತೆಳ್ಳುಗ್ ಇರೋದ್ ಯಾವ್ದು?" ಅಂದೆ.

ನನ್ನ ಶರ್ಟನ್ನೇ ನೋಡುತ್ತಿದ್ದ. "ನೀವ್ ಆಕ್ಕಂಡಿರೋದು ಇನ್ನೂ ತೆಳ್ಳುಗೈತಲ್ಲ ಸಾ. ಬನೀನು ಕಾಣ್ತೈತೆ."

"ಇದ್ ತೆಳ್ಳಗೆ, ಆದ್ರೆ ಸೆಕೆ."

"ತೆಳ್ಳುಗಿದ್ದೂ ಸೆಕೆನಾ?" ನಕ್ಕ. ಹಲ್ಲು ನೋಡಬಾರದಿತ್ತು.

ಒಂದು ಪಂಚೆ, ಒಂದು ಜುಬ್ಬ ತೆಗೆದುಕೊಂಡೆ. ಸೀಮೆಎಣ್ಣೆ ವಾಸನೆ. ಬಟ್ಟೆ ಗಂಟನ್ನು ಎಣ್ಣೆ ಡಬ್ಬದ ಪಕ್ಕ ಇಟ್ಟಿರಬೇಕು. ರೂಮಿಗೆ ತಂದು ಸೋಪು ಹಾಕಿ ತೊಳೆದೆ. ಒದ್ದೆ ಇರುವಾಗಲೇ ಹಾಕಿಕೊಂಡೆ. ಕಿಟಕಿಯಿಂದ ಗಾಳಿ ಬಂತು. ಬೆನ್ನಿಗೆ ತಾಗಿತು.

ಆಮೇಲೆ ಒಂದು ಗಂಟೆ ಏನೂ ಮಾಡಲಿಲ್ಲ. ಸುಮ್ಮನೆ ಕೂತೆ.

ಇದು ರೂಮಿನ ಒಳಗೆ ಮಾತ್ರ. ಬಾಗಿಲು ದಾಟಿದರೆ ನಾನು ಕಂಪನಿಯವನು.

ಏಪ್ರಿಲ್ 25. ಹೊಳೆನರಸೀಪುರ. ಸಂಜೆ.

ಬಸ್ಸಿನಲ್ಲಿ ಮುಂದಿನ ಸೀಟಿನವನು ಬೀಡಿ ಸೇದುತ್ತಿದ್ದ. ಕಿಟಕಿಯಾಚೆ ಬೂದಿ ಕೊಡವಿದ. ಗಾಳಿಗೆ ಕಿಡಿ ತಿರುಗಿ ಬಂದು ನನ್ನ ಎದೆ ಮೇಲೆ ಕೂತಿತು. ಸಾಸಿವೆ ಕಾಳಿನಷ್ಟು. ಬಟ್ಟೆ ಉರಿಯಲಿಲ್ಲ, ಮುದುಡಿ ಕರಗಿತು. ಸೆಕೆಗೆ ಬನೀನು ಹಾಕಿರಲಿಲ್ಲ, ಹನಿಯಾಗಿ ಚರ್ಮಕ್ಕೇ ಹಿಡಿಯಿತು. ಕೀಳಲು ಹೋದರೆ ಚರ್ಮವೂ ಬಂತು. ಒಂದು ಕಪ್ಪು ಮಣಿ, ಅದರ ಕೆಳಗೆ ಹಸಿ ಗಾಯ.

"ತಪ್ಪಾತು ಸಾ," ಅಂದ ಅವನು. "ಸಣ್ಣ ಕಿಡಿ, ಬುಡಿ."

ಸಣ್ಣ ಕಿಡಿಯೇ. ಆದರೆ ಇನ್ನೂ ಉರಿಯುತ್ತಿದೆ. ತೂತು ಕಾಣದ ಹಾಗೆ ಟೈ ಕಟ್ಟಿಕೊಂಡು ಅಂಗಡಿಗಳಿಗೆ ಹೋದೆ. ಈ ಸೆಕೆಯಲ್ಲಿ ಟೈ.

ಏಪ್ರಿಲ್ 27. ಹೊಳೆನರಸೀಪುರ.

ಪೇಟೆ ಬೀದಿಯ ತಿಮ್ಮಪ್ಪಗೌಡರ ಜವಳಿ ಅಂಗಡಿ. ದೊಡ್ಡ ಗಿರಾಕಿ. ಜಮೀನಿದೆ, ಗದ್ದೆ ಇದೆ, ಅಂಗಡಿ ಹವ್ಯಾಸಕ್ಕೆ ಎಂಬಂತೆ ಇಟ್ಟಿದ್ದಾರೆ. ಊಟ ಮುಗಿಸಿ ಕಾಲು ಚಾಚಿ ಕೂತು ಕಿವಿಗೆ ಕಡ್ಡಿ ಹಾಕಿಕೊಳ್ಳುತ್ತಾ ವ್ಯಾಪಾರ. ಕಡ್ಡಿ ತೆಗೆದಾಗಲೆಲ್ಲ ಅದರ ತುದಿ ನೋಡುತ್ತಾರೆ. ನನಗೂ ತೋರಿಸುತ್ತಾರೋ ಎಂದು ಹೆದರಿದೆ.

ನನ್ನ ಆಟ ಶುರು. ಆರು ಗಜದ ಸೀರೆ ಮುಷ್ಟಿಯೊಳಗೆ ಮುಚ್ಚುವುದು, ಬಿಡುವುದು, ಒಂದೂ ಸುಕ್ಕಿಲ್ಲ ಎಂದು ತೋರಿಸುವುದು. ಲೋಟದ ನೀರಲ್ಲಿ ಅದ್ದಿ ಕೊಡವುವುದು. ಅಲ್ಲಿದ್ದ ಹೆಂಗಸರೆಲ್ಲ ಬಾಯಿ ಬಿಟ್ಟರು.

ಆಗ ಮೆಟ್ಟಿಲ ಕೆಳಗೆ ಇಬ್ಬರು ಬಂದು ನಿಂತರು. ತಾಲ್ಲೂಕು ಕಚೇರಿಯ ಜವಾನ ಪಾಪಯ್ಯ, ಅವನ ಹೆಂಡತಿ ಮುದ್ದಮ್ಮ. ಹಿಂದೆ ಮಗಳು. ಮೇಲೆ ಹತ್ತಲಿಲ್ಲ. ಯಾರೂ ಹತ್ತಿ ಎನ್ನಲಿಲ್ಲ. ತಿಮ್ಮಪ್ಪಗೌಡರು ಕೂತಲ್ಲಿಂದಲೇ, "ಏನ್ಲಾ ಪಾಪಯ್ಯ, ಮದುವೆ ಜವಳಿನಾ?"

"ಊಂ ಗೌಡ್ರೇ. ನಮ್ ಪ್ರೇಮಕುಮಾರಿದು. ಅರಕಲಗೂಡಿನ ಕಡೆ ಕೊಡ್ತಾ ಇವ್ನಿ. ಉಡ್ಗ ಮೇಷ್ಟ್ರು."

"ಇವ್ರಿಗೆ ಆ ಕೆಂಪಂಚಿನ್ ನೂಲು ಸೀರೆ ತೋರ್ಸ್ರಲಾ," ಅಂದರು ಗೌಡರು ಒಳಕ್ಕೆ.

ಮುದ್ದಮ್ಮ ತಲೆ ಎತ್ತಿದಳು. "ನೂಲಿಂದು ಬ್ಯಾಡ. ಆ ಸಾ ಇಡ್ಕಂಡವ್ರಲ್ಲ, ಅದು. ಮೊನ್ನೆ ನಿಮ್ ಸೊಸೆ ಉಟ್ಕಂಡಿದ್ರಲ್ಲ, ಅದೇ."

ಒಳಗಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಾಕೆ ನಕ್ಕಳು. ಆ ನಗೆ ಕೇಳಿ ಮೈ ಮುಳ್ಳಾಯಿತು. ನಾನೇ ಸೀರೆ ಹಿಡಿದು ಮೆಟ್ಟಿಲಿಳಿದೆ. ಕನಕಾಂಬರ ಬಣ್ಣದ್ದು. ಆ ಹುಡುಗಿ ಬೆರಳಿನಿಂದ ಮುಟ್ಟಿ ನೋಡಿ, ಕೈ ಹಿಂದೆ ತೆಗೆದು, ಮತ್ತೆ ಮುಟ್ಟಿದಳು. ಹದಿನೆಂಟೋ ಹತ್ತೊಂಬತ್ತೋ ವಯಸ್ಸು.

ಮುದ್ದಮ್ಮ ನನ್ನನ್ನೇ ಕೇಳಿದಳು. "ಒಲೆ ಮುಂದೆ ಉಟ್ಕಬೌದಾ ಸಾ? ಒಸ ಸೊಸೆ, ಕೆಲಸ ಇರ್ತೈತೆ."

"ಒಲೆ ಹತ್ರ ಬೇಡ—" ಅಂದೆ. ಅಷ್ಟೇ. ಮೇಲಿಂದ ತಿಮ್ಮಪ್ಪಗೌಡರು, "ಏನೂ ಆಗಕಿಲ್ಲ ಕಣವ್ವ, ಬೆಂಗ್ಳೂರಲ್ಲಿ ಎಲ್ಲಾ ಇದ್ರಾಗೇ ಅಡುಗೆ ಮಾಡ್ತಾರೆ. ಅಲ್ವಾ ಸಾ?" ಎಂದು ನನ್ನತ್ತ ಕಣ್ಣು ಮಿಟುಕಿಸಿದರು. ನಾನು ಅಲ್ಲ ಎನ್ನಲಿಲ್ಲ. ಹೌದು ಅಂತಲೂ ಅನ್ನಲಿಲ್ಲ. ಮುದ್ದಮ್ಮ ಅದನ್ನು ಹೌದು ಎಂದೇ ತಿಳಿದು, ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟಳು.

ಎದೆಯ ಗಾಯಕ್ಕೆ ಟೈ ಉಜ್ಜುತ್ತಿತ್ತು.

ಗೌಡರು ಸಂಜೆ ದೊಡ್ಡ ಆರ್ಡರ್ ಕೊಟ್ಟರು. ಒಳಗಿನಿಂದ ಹಲಸಿನ ತೊಳೆ ತರಿಸಿದರು. ತಿನ್ನಲಾಗಲಿಲ್ಲ. ಆ ಕಿವಿಯ ಕಡ್ಡಿ ಕಣ್ಣ ಮುಂದೆ.

ಮೇ 3. ಅರಕಲಗೂಡು.

ಇಲ್ಲೂ ಚೆನ್ನಾಗಿ ಹೋಯಿತು. ಎರಡು ಅಂಗಡಿ. ರೂಮಿಗೆ ಬಂದು ಬಾಗಿಲು ಹಾಕಿ ಜುಬ್ಬ ಹಾಕಿಕೊಂಡೆ. ಊರಿಗೆಲ್ಲ ಒಂದು ಬಟ್ಟೆ ಮಾರಿ, ಕದ್ದು ಇನ್ನೊಂದನ್ನು ತೊಡುತ್ತೇನೆ.

ನಾಳೆ ಬೆಂಗಳೂರು. ಮೀಟಿಂಗ್.

ಮೇ 19. ಹೊಳೆನರಸೀಪುರ.

ವಾಪಸು ಬಂದೆ. ಬೆಂಗಳೂರಿನಲ್ಲಿ ಹಾರ ಹಾಕಿದರು, ಚಪ್ಪಾಳೆ ತಟ್ಟಿದರು. ಹೊಸ ಶರ್ಟು ಕೊಟ್ಟರು. ನೈಲಾನೇ.

ತಿಮ್ಮಪ್ಪಗೌಡರ ಅಂಗಡಿಯಲ್ಲಿ ಜನ ತುಂಬಿದ್ದರು. ಗೌಡರು ಕೂತಲ್ಲಿಂದಲೇ ನನ್ನನ್ನು ಹತ್ತಿರ ಕರೆದು ಪಿಸುದನಿಯಲ್ಲಿ ಹೇಳಿದರು. "ಆ ಜವಾನ ಪಾಪಯ್ಯ ಅವ್ನಲ್ಲ ಸಾ, ಅವನ್ ಮಗ್ಳು ಸುಟ್ಕಂಡ್ಳಂತೆ. ಮದುವೆಯಾಗಿ ಮೂರೇ ದಿನಕ್ಕೆ. ಗಂಡನ್ ಮನೇಲಿ ಆಲು ಕಾಯ್ಸಕ್ಕೆ ಒಲೆ ಮುಂದೆ ಕೂತಿದ್ಳಂತೆ, ಸೆರಗು ಇಡ್ಕಂತಂತೆ. ಆಸನದ್ ಆಸ್ಪತ್ರೇಲಿ ಅವ್ಳೆ. ನೀವು ಯಾರ್ತಾವೂ ಮಾತಾಡಕ್ ಓಗ್ಬ್ಯಾಡಿ. ಸೀಸನ್ನು."

ಎದೆಯ ಗಾಯದ ಗುರುತಿನ ಮೇಲೆ ಕೈ ಹೋಯಿತು.

"ಅಲ್ಲಾ, ಅವ್ರಿಗ್ಯಾಕ್ ಸಾ ನೈಲಾನು?" ಅಂದರು. "ನಾನು ನೂಲಿನ್ ಸೀರೇನೇ ತೋರ್ಸ್ದೆ. ನೀವೇ ನೋಡಿದ್ರಲ್ಲ."

ಹೌದು. ನೋಡಿದ್ದೆ. ಅವರ ಬಾಯಲ್ಲಿ ಅಡಿಕೆಯ ಎಂಜಲು ಗುಳುಗುಳು ಎನ್ನುತ್ತಿತ್ತು. ಅದನ್ನೇ ನೋಡುತ್ತಾ ನಿಂತೆ. ಮುಖ ನೋಡಲಾಗಲಿಲ್ಲ.

ಮೇ 20. ಹಾಸನ. ಮಧ್ಯಾಹ್ನ.

ಆಸ್ಪತ್ರೆ. ಹೆಂಗಸರ ವಾರ್ಡಿನ ಕೊನೆಯಲ್ಲಿ ಸೊಳ್ಳೆಪರದೆ ಕಟ್ಟಿದ ಮಂಚ. ಮೈಗೆ ಬಟ್ಟೆ ತಾಗಬಾರದೆಂದು ಬೆತ್ತದ ಕಮಾನು ಇಟ್ಟು ಅದರ ಮೇಲೆ ಹೊದಿಸಿದ್ದಾರೆ. ಸುಟ್ಟಿರುವುದು ಎಡಗೈ, ಪಕ್ಕೆ, ಕತ್ತು. ಮುಖ ಉಳಿದಿದೆ. ವಾಸನೆ... ಬರೆಯಲಾರೆ. ಮೂಗಿಗೆ ಕರ್ಚೀಫು ಹಿಡಿದುಬಿಟ್ಟೆ. ಹಿಡಿದ ಮೇಲೆ ಕಂಡಿತು, ಅವಳು ನನ್ನನ್ನೇ ನೋಡುತ್ತಿದ್ದಳು. ಕರ್ಚೀಫು ತೆಗೆದೆ. ಆಗಲೇ ತಡವಾಗಿತ್ತು.

ಗಂಡ ಸ್ಟೂಲಿನ ಮೇಲೆ ಕೂತಿದ್ದ. ಮೇಷ್ಟ್ರು, ಹೆಸರು ರಾಮಣ್ಣ. ಎರಡೂ ಕೈಗೆ ಬ್ಯಾಂಡೇಜು. ಬೆಂಕಿ ತಟ್ಟಿ ಆರಿಸಲು ಹೋಗಿ ಕರಗಿದ ಸೀರೆ ಅವನ ಅಂಗೈಗೂ ಹಿಡಿದಿದೆ. ಎದ್ದು ನಿಂತ. ನನ್ನ ಶರ್ಟಿನ ಹತ್ತಿರ ಮುಖ ತಂದು ನೋಡಿದ.

"ಇದೂ ಅದೇನಾ?"

"ಹೌದು."

"ಆಚೆಗ್ ಓಗಿ. ಇಲ್ಲಿ ಸೂಜಿ ಕಾಯ್ಸೋ ದೀಪ ಐತೆ," ಅಂದ. ಬೈಯಲಿಲ್ಲ. ಹಾಗೇ ಅಂದ, ಅಷ್ಟೆ.

ಮುದ್ದಮ್ಮ ಹಿಂದೆ ಬಂದಳು, ವರಾಂಡದವರೆಗೆ. ನನ್ನನ್ನು ಹಿಡಿದು ಒದೆಯುತ್ತಾಳೆ ಅಂದುಕೊಂಡೆ. ಒದ್ದಿದ್ದರೆ ಚೆನ್ನಾಗಿತ್ತು. ಕೈ ಮುಗಿದಳು.

"ಸಾ, ಸೀರೆ ಅಂಗೇ ಮೈಗ್ ಅಂಟ್ಕಂಡೈತೆ. ದಾಕ್ಟ್ರು ಒಸಿ ಒಸೀನೇ ಕೀಳ್ತಾವ್ರೆ. ಕಿತ್ತಾಗೆಲ್ಲಾ ಕೂಸು ಅರಚ್ಕತದೆ. ನಿಮ್ ಕಂಪ್ನಿಲಿ ಅದುನ್ನ ಬುಡ್ಸೋ ಎಣ್ಣೆ ಏನಾರಾ ಐತಾ? ಮಾಡ್ದೋರಿಗೆ ಬುಡ್ಸೋದೂ ಗೊತ್ತಿರ್ತದಲ್ವಾ?"

ಇಲ್ಲ ಅಂದೆ.

"ಕೇಳ್ ನೋಡಿ ಸಾ," ಅಂದಳು. "ಒಂದ್ ಸಲ ಕೇಳ್ ನೋಡಿ."

ಮೇ 21. ಹಾಸನ.

ಕೇಳಿದೆ. ಟ್ರಂಕ್ ಕಾಲ್ ಹಾಕಿ ಮ್ಯಾನೇಜರನ್ನೇ ಕೇಳಿದೆ. "ಯಾವ ಸೀರೆ? ನಮ್ಮದೇ ಅಂತ ಏನು ಗ್ಯಾರಂಟಿ? ನೀವು ಆ ಕಡೆ ಹೋಗಲೇಬೇಡಿ," ಅಂದರು. ಆಮೇಲೆ ಅರಕಲಗೂಡಿನ ಆರ್ಡರ್ ಯಾವಾಗ ಕಳಿಸುತ್ತೀರಿ ಅಂದರು. ರಿಸೀವರಿಗೆ ಯಾರದೋ ಎಂಜಲಿನ ವಾಸನೆ. ಮುಖ ತೊಳೆದುಕೊಂಡೆ, ಎರಡು ಸಲ.

ನರ್ಸು ಹೇಳಿದ್ದರು, ಗಾಯದ ಸುತ್ತ ಹೊದಿಸಲು ಮೆತ್ತನೆ ಮಲ್ಲು ಬಟ್ಟೆ ಬೇಕು, ಆಸ್ಪತ್ರೆಯದು ಒರಟು ಎಂದು. ಹಾಸನದ ಅಂಗಡಿ ಅಂಗಡಿ ತಿರುಗಿದೆ. ಎಲ್ಲ ಕಡೆ ಮುಂದೆ ತೂಗುಹಾಕಿರುವುದು ನೈಲಾನ್. ಮಲ್ಲು ಬಟ್ಟೆ ಕೇಳಿದರೆ ಅಟ್ಟದ ಮೇಲಿಂದ ತೆಗೆದರು, ಧೂಳು ಕೊಡವಿ. "ಯಾರ್ ಕೇಳ್ತಾರೆ ಸಾ ಈಗ ಇದುನ್ನ," ಅಂದ ಒಬ್ಬ, ನನ್ನ ಶರ್ಟನ್ನು ಸವರಿ ನೋಡುತ್ತಾ.

ಹೊಸ ಬಟ್ಟೆ, ತುಂಬ ಗಂಜಿ. ಲಾಡ್ಜಿನ ನಲ್ಲಿ ಕೆಳಗೆ ಕೂತು ಒಗೆದೆ. ನೀರು ಬೆಳ್ಳಗೆ ಹರಿಯಿತು. ಮತ್ತೆ ಒಗೆದೆ. ತಿಳಿಯಾಗುವವರೆಗೆ. ಕೆನ್ನೆಗೆ ಒತ್ತಿ ನೋಡಿದೆ. ಇನ್ನೂ ಒರಟು. ಮತ್ತೆ ಒಗೆದೆ.

ಸಂಜೆ ಜುಬ್ಬ ಪಂಚೆ ಹಾಕಿಕೊಂಡು ಹೊರಗೆ ಬಂದೆ. ಬೀದಿಯಲ್ಲಿ ಮೊದಲ ಸಲ. ರಾಮಣ್ಣ ಬಟ್ಟೆ ತೆಗೆದುಕೊಂಡ. ಒಳಗೆ ಕರೆಯಲಿಲ್ಲ.

ಮೇ 23. ಹೊಳೆನರಸೀಪುರ.

ಇವತ್ತು ಮಾಡಿಬಿಟ್ಟೆ.

ತಿಮ್ಮಪ್ಪಗೌಡರ ಅಂಗಡಿ. ಮುಹೂರ್ತಗಳ ವಾರ, ಕಾಲಿಡಲು ಜಾಗವಿಲ್ಲ. ಎಲ್ಲರೂ ನನ್ನ ಮುಷ್ಟಿ ಆಟ ನೋಡಲು ಸುತ್ತ ಕೂತರು. ಸ್ಯಾಂಪಲ್ ತುಂಡು ತೆಗೆದೆ. ನೀರಿನ ಲೋಟದ ಬದಲು ಬೆಂಕಿಪೊಟ್ಟಣ ತೆಗೆದೆ. ಕಡ್ಡಿ ಗೀರಿ ಅಂಚಿಗೆ ಹಿಡಿದೆ.

ಮುದುಡಿತು. ಕರಗಿತು. ಹನಿ ಹನಿಯಾಗಿ ಹಿತ್ತಾಳೆ ತಟ್ಟೆಗೆ ಬಿತ್ತು, ಬಿದ್ದಲ್ಲೂ ಉರಿಯಿತು. ಗಬ್ಬು ವಾಸನೆ.

"ಪಾಪಯ್ಯನವರ ಮಗಳಿಗೆ ಆದದ್ದು ಇದು," ಅಂದೆ. "ಈ ಹನಿ ಮೈಮೇಲೆ. ಒಲೆ ಮುಂದೆ ಇದನ್ನು ಉಡಬೇಡಿ."

ಗೌಡರು ಎದ್ದು ನಿಂತಿದ್ದರು. ಅವರು ಎದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. "ತಲೆಗಿಲೆ ಕೆಟ್ಟೈತಾ ಸಾ ನಿಮ್ಗೆ?"

ಹೆಂಗಸರ ಮಧ್ಯದಲ್ಲಿ ದಪ್ಪನೆಯವರೊಬ್ಬರು, ಅನಸೂಯಮ್ಮ ಅಂತೆ, ತಟ್ಟೆಯನ್ನು ಬಗ್ಗಿ ನೋಡಿದರು. ಕಪ್ಪು ಮಣಿಗಳನ್ನು ಬೆರಳಿನಿಂದ ಉರುಳಿಸಿದರು. ಮುಖ ಸಿಂಡರಿಸಿದರು. ಆಮೇಲೆ ಅಂದರು —

"ನಮ್ ಉಡ್ಗಿಗೆ ಅಡುಗೆಗೆ ಜನ ಅವ್ರೆ ಬುಡಿ. ಒಲೆ ಮುಂದೆ ಯಾಕ್ ಓಗ್ತಾಳೆ? ಗೌಡ್ರೇ, ಆ ಗಿಣಿ ಅಸುರುಂದು ಇಳ್ಸಿ."

ಇಳಿಸಿದರು. ಅವರ ಹಿಂದೆ ಇನ್ನೊಬ್ಬರು. ಅವರ ಹಿಂದೆ ಮತ್ತೊಬ್ಬರು. ಸುಟ್ಟ ವಾಸನೆ ಇನ್ನೂ ಅಂಗಡಿಯೊಳಗೇ ಇತ್ತು. ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಬಣ್ಣ ಆರಿಸುತ್ತಿದ್ದರು. ಬೆಂಕಿ ತೋರಿಸಿದರೆ ಬೆಚ್ಚುತ್ತಾರೆ ಅಂದುಕೊಂಡಿದ್ದೆ. ನನ್ನಷ್ಟು ದಡ್ಡ ಇಲ್ಲ. ಅವಳು ಸುಟ್ಟುಕೊಂಡದ್ದು ಅವಳು ಅವಳಾದ್ದರಿಂದ, ತಾವು ತಾವಾದ್ದರಿಂದ ತಮಗೆ ಏನೂ ಆಗುವುದಿಲ್ಲ — ಎಲ್ಲರ ಮುಖದಲ್ಲೂ ಅದೇ. ಥೂ, ಥೂ.

ಮೆಟ್ಟಿಲಿಳಿಯುವಾಗ ಹಿಂದಿನಿಂದ ನನ್ನ ಸೂಟ್‌ಕೇಸು ಬಂದು ಬಿತ್ತು. ಗೌಡರ ಆಳು ಎಸೆದದ್ದು. ಸ್ಯಾಂಪಲ್‌ಗಳೆಲ್ಲ ಚರಂಡಿಗೆ. ಎತ್ತಿಕೊಳ್ಳಲಿಲ್ಲ. ಒಂದೂ ಸುಕ್ಕಾಗದೆ ತೇಲುತ್ತಿದ್ದವು.

ಮೇ 28. ಹಾಸನ.

ನೆಹರೂ ನಿನ್ನೆ ತೀರಿಕೊಂಡರು. ಅಂಗಡಿ ಎಲ್ಲ ಮುಚ್ಚಿವೆ. ಹೋಟೆಲಿನ ರೇಡಿಯೋ ಮುಂದೆ ಜನ ಅಳುತ್ತಾ ನಿಂತಿದ್ದರು. ವಾರ್ಡಿನಲ್ಲಿ ಮುದ್ದಮ್ಮನಿಗೆ ಹೇಳಿದೆ. "ಅಯ್ಯೋ ಪಾಪ," ಅಂದು ಮಗಳ ಕಡೆ ತಿರುಗಿದಳು. ಬ್ಯಾಂಡೇಜು ಬದಲಿಸುವ ಹೊತ್ತು.

ಕೆಲಸ ಹೋಯಿತು. ಮ್ಯಾನೇಜರ್ ಖುದ್ದು ಬಂದಿದ್ದರು. ಶರ್ಟು ವಾಪಸು ಕೇಳಿದರು. ಒಗೆದು ಕೊಡಲೇ ಅಂದೆ. ಹಾಗೇ ಕೊಡಿ ಅಂದರು. ನನ್ನ ಬೆವರು ಸಮೇತ ಬ್ಯಾಗಿಗೆ ಹಾಕಿಕೊಂಡರು. ಇನ್ಯಾರಿಗೋ ತೊಡಿಸುತ್ತಾರೆ.

ಹಾಸನದಲ್ಲೇ ಉಳಿದಿದ್ದೇನೆ. ಒಂದು ಮರದ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಜುಬ್ಬ ಹಾಕಿಕೊಂಡು ಹೋದರೂ ಯಾರೂ ಕೇಳುವುದಿಲ್ಲ.

ಜೂನ್ 14.

ಜ್ವರ ಇಳಿದಿದೆ. ಉಳಿಯುತ್ತಾಳೆ ಅಂದರು ಡಾಕ್ಟರು. ಪಾಪಯ್ಯ ವರಾಂಡದ ಕಂಬಕ್ಕೆ ಒರಗಿ ಕೂತುಬಿಟ್ಟ.

ರಾಮಣ್ಣನ ಕಡೆಯ ನೆಂಟರು ಯಾರೋ ಬಂದಿದ್ದರಂತೆ, ಈ ಹೆಣ್ಣನ್ನು ಬಿಟ್ಟು ಬೇರೆ ಮದುವೆಯಾಗು ಎಂದು. ಅವನು ಸುಟ್ಟ ಕೈ ತೋರಿಸಿ, "ಇದುನ್ನೂ ಬುಟ್ಬುಡ್ಲಾ?" ಅಂದನಂತೆ. ಮುದ್ದಮ್ಮ ಹೇಳಿದಳು.

ಇವತ್ತು ಅವನು ನನಗೆ ಸ್ಟೂಲು ಕೊಟ್ಟ. ಅವನು ನಿಂತೇ ಇದ್ದ. ನಾನು ಕೂತೆ.

ಜುಲೈ 6. ಹಾಸನ. ಬೆಳಿಗ್ಗೆ, ಬಸ್ ಸ್ಟ್ಯಾಂಡ್.

ಇವತ್ತು ಪ್ರೇಮಕುಮಾರಿಯನ್ನು ಆಸ್ಪತ್ರೆಯಿಂದ ಕಳಿಸಿದರು. ಅರಕಲಗೂಡಿನ ಬಸ್ಸಿಗೆ ಕಾಯುತ್ತಿದ್ದೇವೆ. ಪಾಪಯ್ಯ ಟಿಕೆಟಿಗೆ ಹೋಗಿದ್ದಾನೆ. ನಾನು ಎದುರು ಬೆಂಚಿನಲ್ಲಿ ಬರೆಯುತ್ತಿದ್ದೇನೆ. ಬಸ್ ಸ್ಟ್ಯಾಂಡಿನ ಗಬ್ಬು ಹೇಳುವ ಹಾಗಿಲ್ಲ, ಆದರೆ ಅವರಾರೂ ಮೂಗು ಮುಚ್ಚಿಲ್ಲ. ನಾನೂ ಮುಚ್ಚಿಲ್ಲ.

ಹೊಸ ಚರ್ಮಕ್ಕೆ ಯಾವ ಬಟ್ಟೆ ತಾಗಿದರೂ ಉರಿ. ನಿನ್ನೆ ಪೇಟೆಯಲ್ಲೆಲ್ಲ ಹುಡುಕಿ ತೆಳ್ಳನೆ ನೂಲಿನ ಸೀರೆ ತಂದೆ, ಬಿಳಿ, ಸಣ್ಣ ನೀಲಿ ಅಂಚು. ಗಂಜಿ ಬಿಡಿಸಿ ತಂದಿದ್ದೆ. ಆಸ್ಪತ್ರೆಯಿಂದ ಹೊರಡುವ ಮುಂಚೆ ಕೊಟ್ಟೆ. ಪ್ರೇಮಕುಮಾರಿ ನನ್ನ ಜೊತೆ ಮಾತಾಡಿದ್ದೇ ಇಲ್ಲ, ಇಷ್ಟು ದಿನ. ಬಲಗೈಯಿಂದ ಸವರಿ ನೋಡಿ, ಕೇಳಿದಳು.

"ಇದುಕ್ಕೆ ಬೆಂಕಿ ಅತ್ತಕಿಲ್ವಾ?"

"ಹತ್ತುತ್ತೆ," ಅಂದೆ. "ಎಲ್ಲ ಬಟ್ಟೆಗೂ ಹತ್ತುತ್ತೆ. ಹುಷಾರಾಗಿರಬೇಕು."

ತುಂಬ ಹೊತ್ತು ನನ್ನ ಮುಖ ನೋಡಿದಳು. "ಉಡ್ಸವ್ವ," ಅಂದಳು ತಾಯಿಗೆ.

ಈಗ ಅದನ್ನೇ ಉಟ್ಟು ಕೂತಿದ್ದಾಳೆ. ಕತ್ತಿನ ಗಾಯ ಕಾಣುತ್ತದೆ, ಮುಚ್ಚಿಕೊಂಡಿಲ್ಲ. ರಾಮಣ್ಣ ನೀರು ತರಲು ಹೋದ. ಅವಳ ಪಕ್ಕದಲ್ಲಿ ಒಬ್ಬ ಹೆಂಗಸು ಬಂದು ಕೂತಳು. ಮದುವೆ ಮನೆಗೆ ಹೊರಟವಳ ಹಾಗೆ ಹೂವು, ಕುಂಕುಮ. ಪ್ರೇಮಕುಮಾರಿಯ ಕತ್ತು ಕಂಡಳು. ಮುಖ ಕಿವುಚಿ ಸೆರಗಿನಿಂದ ಮೂಗು ಮುಚ್ಚಿ ಬೆಂಚಿನ ಆ ತುದಿಗೆ ಸರಿದಳು. ನನಗೆ ರಕ್ತ ಕುದಿಯಿತು. ಎದ್ದು ಹೋಗಿ ಏನಾದರೂ ಅನ್ನಬೇಕು.

ಆ ಹೆಂಗಸು ಉಟ್ಟಿರುವುದು ನೈಲಾನ್.

ಪ್ರೇಮಕುಮಾರಿಯೂ ಅದನ್ನು ನೋಡಿದಳು. ಎದ್ದಳು. ಮುದ್ದಮ್ಮ "ಕೂತ್ಕಳವ್ವ" ಅಂದಳು, ಕೇಳಲಿಲ್ಲ. ಒಂದು ಕಡೆ ವಾಲಿಕೊಂಡು ನಡೆದು ಬೆಂಚಿನ ಆ ತುದಿಗೆ ಹೋಗುತ್ತಿದ್ದಾಳೆ. ಆ ಹೆಂಗಸು ಇನ್ನೂ ಸರಿಯಲು ಜಾಗವಿಲ್ಲದೆ ಕೂತಿದ್ದಾಳೆ. ಪ್ರೇಮಕುಮಾರಿ ಬಗ್ಗಿದಳು. ಆ ಹೆಂಗಸಿನ ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದಿದ್ದಾಳೆ, ಮೆಲ್ಲಗೆ. ಹೇಳುತ್ತಿದ್ದಾಳೆ —

"ಅಕ್ಕಾ, ಇದುನ್ನ ಉಟ್ಕಂಡು ಒಲೆ ಮುಂದೆ ಕೂತ್ಕಬ್ಯಾಡ."